ಸರ್ವೋದಯ ವಿಂಗಿನ ಲಿಫ್ಟು

ನಾಲ್ಕನೇ ಮಹಡಿಯ ಮೆಟ್ಟಿಲ ಮೇಲೆ ಕೂತು, ತರಕಾರಿ ಚೀಲವನ್ನು ಮಗ್ಗುಲಲ್ಲಿಟ್ಟುಕೊಂಡು ಸುಧಾರಿಸಿಕೊಳ್ಳುತ್ತಿದ್ದೆ. ಅಷ್ಟರಲ್ಲಿ ಎದುರಿನ ಲಿಫ್ಟಿನ ಬಾಗಿಲು ತೆರೆದು ಮಲ್ಲಿಗೆಯ ವಾಸನೆ ಬಂತು. ನಿಜವಾದ ಮಲ್ಲಿಗೆಯದಲ್ಲ. ಲಿಫ್ಟಿನ ಮೂಲೆಯಲ್ಲಿ ಒಂದು ಬಿಳಿ ಡಬ್ಬಿ ಅಂಟಿಸಿದ್ದಾರೆ. ಅದು ಹತ್ತು ನಿಮಿಷಕ್ಕೊಮ್ಮೆ, ಕೆಳಗೆ ಯಾರ ತಲೆ ಸಿಕ್ಕಿದರೆ ಅವರ ತಲೆಯ ಮೇಲೆ, ಪುಸ್ ಎಂದು ಉಗುಳುತ್ತದೆ. ಒಳಗಿದ್ದ ಹುಡುಗಿಯ ಕೊರಳಲ್ಲಿ ಹಿಂಜವಾಡಿಯ ಯಾವುದೋ ಐಟಿ ಕಂಪನಿಯ ಗುರುತಿನ ಪಟ್ಟಿ ತೂಗುತ್ತಿತ್ತು. ನನ್ನನ್ನು ನೋಡಿ, "ವಾವ್ ಆಂಟಿ, ಎಕ್ಸರ್‌ಸೈಜ್?" ಎಂದಳು. "ಅಲ್ಲಮ್ಮ, ಸಿಟ್ಟು" ಎಂದೆ. ಕನ್ನಡದಲ್ಲಿ ಹೇಳಿದ್ದರಿಂದ ಅವಳಿಗೆ ತಿಳಿಯಲಿಲ್ಲ. ಹೆಬ್ಬೆರಳೆತ್ತಿ ತೋರಿಸಿದಳು, ಬಾಗಿಲು ಮುಚ್ಚಿಕೊಂಡಿತು.

ನನ್ನ ಮನೆ ಇರುವುದು ಹನ್ನೊಂದನೇ ಮಹಡಿಯಲ್ಲಿ, ವಯಸ್ಸು ಅರವತ್ತಕ್ಕೆ ಸಮೀಪ. ಪುಣೆಯ ಒಂದು ಕನ್ನಡ ಶಾಲೆಯಲ್ಲಿ ಕನ್ನಡ ಕಲಿಸಿ ನಿವೃತ್ತಳಾದವಳು. ಮಕ್ಕಳು ನನಗೆ ಖಾರದ ಅಕ್ಕೋರು ಎಂದು ಹೆಸರಿಟ್ಟಿದ್ದರು. ನನಗೆ ಗೊತ್ತಿಲ್ಲ ಎಂದು ಅವರು ತಿಳಿದಿದ್ದರು, ನಾನೂ ಹಾಗೇ ಇರಲೆಂದು ಬಿಟ್ಟಿದ್ದೆ. ಸಿಟ್ಟು ನನಗೆ ಸುಲಭವಾಗಿ ಬರುತ್ತದೆ. ಆದರೆ ನಿನ್ನೆ ಸಂಜೆ ಬಂದ ಸಿಟ್ಟಿನಂಥದ್ದು ಬಹಳ ವರ್ಷಗಳಿಂದ ಬಂದಿರಲಿಲ್ಲ. ಆ ಸಿಟ್ಟಿನಲ್ಲೇ ಲಿಫ್ಟಿನ ಕಾರ್ಡನ್ನು ನಮ್ಮ ಕಟ್ಟಡದ ಸೊಸೈಟಿಯವರ ಮೇಜಿನ ಮೇಲಿಟ್ಟು ಬಂದಿದ್ದೆ. ಕಾರ್ಡು ತೋರಿಸದಿದ್ದರೆ ನಮ್ಮ ಲಿಫ್ಟು ಕದಲುವುದಿಲ್ಲ. ಆದ್ದರಿಂದ ಈ ಮೆಟ್ಟಿಲು.

ಪುಣೆಯಂಚಿನ ವಾಕಡದ ಈ ಕಟ್ಟಡಕ್ಕೆ ಮೂರು ಭಾಗಗಳು. ಕಟ್ಟಿಸಿದಾತ ಯಾವ ಗಳಿಗೆಯಲ್ಲಿದ್ದನೋ, ಒಂದಕ್ಕೆ ಸತ್ಯ, ಇನ್ನೊಂದಕ್ಕೆ ಅಹಿಂಸಾ, ಮೂರನೆಯದಕ್ಕೆ ಸರ್ವೋದಯ ಎಂದು ಹೆಸರಿಟ್ಟಿದ್ದಾನೆ. ನಾನು ಸರ್ವೋದಯದವಳು. ಮನೆ ಕೊಳ್ಳುವಾಗ ಆ ಹೆಸರು ನೋಡಿ ಕಣ್ಣು ತುಂಬಿ ಬಂದಿತ್ತು ಎಂದರೆ ನೀವು ನಗಬಹುದು. ಎಷ್ಟೋ ವರ್ಷ ನಾನು ಸರ್ವೋದಯವನ್ನು ಗುಣಸಂಧಿಗೆ ಉದಾಹರಣೆಯಾಗಿ ಕಲಿಸಿದ್ದೇನೆ, ಟಿಪ್ಪಣಿ ಬರೆಯಿರಿ ಎಂದು ಪರೀಕ್ಷೆಯಲ್ಲಿ ಕೇಳಿದ್ದೇನೆ. ಎಲ್ಲರ ಏಳಿಗೆ, ಹಿಂಸೆಯಿಲ್ಲದ ದಾರಿ, ಕೊನೆಯವನಿಂದ ಎಣಿಕೆ ಶುರು, ಇಷ್ಟು ಬರೆದವರಿಗೆ ಪೂರ್ತಿ ಅಂಕ. ಮಕ್ಕಳು ಬಾಯಿಪಾಠ ಮಾಡಿ ಬರೆಯುತ್ತಿದ್ದರು. ನಾನೂ ಬಾಯಿಪಾಠದಿಂದಲೇ ತಿದ್ದುತ್ತಿದ್ದೆ ಎಂದು ಈಗ ಅನಿಸುತ್ತದೆ.

ಆ ಮಲ್ಲಿಗೆಯ ವಾಸನೆಗೆ ಬರುತ್ತೇನೆ. ಮಲ್ಲಿಗೆ ಎಂದರೆ ನನಗೆ ಮೊದಲು ನೆನಪಾಗುವುದು ಹೂವಲ್ಲ, ಜಡೆಯಲ್ಲ, ಸಾರ್ವಜನಿಕ ಪಾಯಿಖಾನೆ. ಮೂಗು ಮುಚ್ಚಿಕೊಳ್ಳಬೇಡಿ. ಅದು ನಮ್ಮ ಅಪ್ಪಯ್ಯನ ಕಥೆ, ಬಹಳ ಸ್ವಚ್ಛವಾದ ಕಥೆ.

ಅಪ್ಪಯ್ಯ ಕುಂದಾಪುರದ ಕಡೆಯವರು. ಇಪ್ಪತ್ತನೇ ವಯಸ್ಸಿನಲ್ಲಿ ಸರ್ವೋದಯದವರ ಪಾದಯಾತ್ರೆಯೊಂದು ಊರ ಮೇಲೆ ಹಾದು ಹೋದಾಗ, ಮನೆಯಲ್ಲಿ ಯಾರಿಗೂ ಹೇಳದೆ ಅದರ ಹಿಂದೆ ಹೊರಟುಬಿಟ್ಟರಂತೆ. ಒಂದು ತಿಂಗಳು ನಡೆದರು. ಉಳ್ಳವರ ಬಾಗಿಲಲ್ಲಿ ನಿಂತು, ಇಲ್ಲದವರಿಗೆ ಒಂದು ತುಂಡು ಭೂಮಿ ಕೊಡಿ ಎಂದು ಕೇಳುವ ಕೆಲಸ. ಬೈದರೆ ನಮಸ್ಕಾರ ಮಾಡಿ ಮುಂದಿನ ಮನೆಗೆ ಹೋಗುವುದು. ಕಾಲು ತುಂಬ ಬೊಕ್ಕೆ ಎದ್ದು ವಾಪಸಾದರು. ಆಮೇಲೆ ಹೊಟ್ಟೆಪಾಡಿಗೆ ಪುಣೆಗೆ ಬಂದು, ಯಾರದೋ ಹೋಟೆಲಿನಲ್ಲಿ ದುಡಿದು, ಗುಲ್ಟೇಕಡಿಯಲ್ಲಿ ಮಾರ್ಕೆಟ್ ಯಾರ್ಡ್ ಹೊಸದಾಗಿದ್ದಾಗ ಅದರ ಪಕ್ಕದಲ್ಲಿ ಎಂಟು ಮೇಜಿನ ಹೋಟೆಲು ಹಾಕಿದರು. ಸರ್ವೋದಯದ ಮೇಲೆ ಅವರು ಭಾಷಣ ಮಾಡಿದ್ದನ್ನು ನಾನು ಕಂಡಿಲ್ಲ. ಬೆಳಗಿನ ಮೊದಲ ದೋಸೆಯನ್ನು ಪಾತ್ರೆ ತೊಳೆಯುವ ದುರ್ಗಪ್ಪನಿಗೆ, ಒಂದನೇ ಮೇಜಿನಲ್ಲಿ ಕೂರಿಸಿ, ತಾವೇ ಬಡಿಸುತ್ತಿದ್ದರು. ಹೊರಗೆ ಅವಸರದ ಗಿರಾಕಿಗಳು ನಿಂತಿದ್ದರೂ ಅಷ್ಟೇ. ದುರ್ಗಪ್ಪ ಸಿಂಧನೂರಿನ ಕಡೆಯವನು, ನಲವತ್ತರ ಆಳು. ಮೊದಮೊದಲು ಸಂಕೋಚಪಟ್ಟು ದೋಸೆಯನ್ನು ಎರಡೇ ತುತ್ತಿಗೆ ನುಂಗಿ ಎದ್ದುಬಿಡುತ್ತಿದ್ದನಂತೆ.

ನಾವಿದ್ದದ್ದು ಹೋಟೆಲಿನ ಹಿಂದಿನ ವಾಡೆಯ ಎರಡು ಕೋಣೆಗಳಲ್ಲಿ. ಅಂಗಳದ ಕೊನೆಗೆ ಬಾಡಿಗೆದಾರರ ಪಾಯಿಖಾನೆ, ಅದಕ್ಕೊಂದು ಬೀಗ, ಮನೆಗೊಂದು ಕೀಲಿಕೈ. ಹೋಟೆಲಿನವರೂ ನಮ್ಮ ಕೀಲಿಕೈಯನ್ನೇ ಒಯ್ಯುತ್ತಿದ್ದರು. ಒಂದು ದಿನ ವಾಡೆಯ ಯಜಮಾನ ಬಂದು, ನಿಮ್ಮ ಮನೆಯವರು ಬಳಸಿ, ಆ ದುರ್ಗಪ್ಪ ಮತ್ತು ಉಳಿದ ಆಳುಗಳು ಮಾತ್ರ ಬೇಡ ಎಂದ. ಕಾರಣ ಕೇಳಿದರೆ ಸ್ವಚ್ಛತೆ ಎಂದ. ದುರ್ಗಪ್ಪ ದಿನಕ್ಕೆರಡು ಸಲ ಮೀಯುವವನು, ಯಜಮಾನ ವಾರಕ್ಕೆರಡು ಸಲ. ಸ್ವಚ್ಛತೆ ಎಂದರೆ ಜಾತಿ ಎಂದು ಅಂಗಳದಲ್ಲಿದ್ದ ಎಲ್ಲರಿಗೂ ಗೊತ್ತಿತ್ತು.

ಅಪ್ಪಯ್ಯ ಜಗಳವಾಡಲಿಲ್ಲ. ಒಳಗೆ ಹೋಗಿ ಮೊಳೆಯಲ್ಲಿ ತೂಗುತ್ತಿದ್ದ ಕೀಲಿಕೈ ತಂದು ಯಜಮಾನನ ಕೈಗೆ ಕೊಟ್ಟು, ತಮ್ಮ ಹರಕು ಮರಾಠಿಯಲ್ಲಿ, ಹಾಗಾದರೆ ಇದು ನಮಗೂ ಬೇಡ ಎಂದರು. ಮರುದಿನದಿಂದ ನಾವು ನಾಲ್ಕೂ ಜನ, ಅಪ್ಪಯ್ಯ, ಅಮ್ಮ, ಅಣ್ಣ, ನಾನು, ರಸ್ತೆಯಾಚೆಯ ಸಾರ್ವಜನಿಕ ಪಾಯಿಖಾನೆಗೆ ಚೊಂಬು ಹಿಡಿದು ಹೊರಟೆವು. ನಾನಾಗ ಒಂಬತ್ತನೇ ಕ್ಲಾಸು. ಅಲ್ಲಿ ಹಮಾಲರ ಸಾಲು, ಹೆಂಗಸರ ಸಾಲು, ನೀರು ಬಂದರೆ ಪುಣ್ಯ. ಒಂದು ಬೆಳಿಗ್ಗೆ ನನ್ನ ಕ್ಲಾಸಿನ ಹುಡುಗಿಯೊಬ್ಬಳು ಅಪ್ಪನ ಸೈಕಲ್ಲಿನ ಮೇಲೆ ಕೂತು ಹೋಗುತ್ತ ನನ್ನನ್ನು ನೋಡಿದಳು. ನಾನು ಚೊಂಬನ್ನು ಲಂಗದ ನೆರಿಗೆಯಲ್ಲಿ ಬಚ್ಚಿಡಲು ಹೋಗಿ ನೀರನ್ನೆಲ್ಲ ಮೈಮೇಲೆ ಚೆಲ್ಲಿಕೊಂಡೆ. ಮತ್ತೆ ಸಾಲಿನ ಕೊನೆಗೆ ಹೋಗಬೇಕಾಯಿತು.

ಅಮ್ಮ ಹೇಳಿದ ಮಾತು ನನಗಿನ್ನೂ ನೆನಪಿದೆ. "ನಿಮ್ಮ ಸರ್ವೋದಯ ಹೋಟೆಲಿನಲ್ಲಿ ಆಗ್ತದೆ. ಚೊಂಬು ಹಿಡ್ಕೊಂಡು ರಸ್ತೆ ದಾಟುದು ನಾನು. ಕೀಲಿಕೈ ಕೊಡುವ ಮೊದಲು ನನ್ನ ಹತ್ರ ಒಂದು ಮಾತು ಕೇಳಿದ್ರಾ?" ಅಪ್ಪಯ್ಯ ತಲೆ ತಗ್ಗಿಸಿ, "ಅದು ನನ್ನ ತಪ್ಪು. ಆದ್ರೂ ಅವರಿಗೆ ಇಲ್ಲದ್ದು ನಮಗೆ ಎಂತಕ್ಕೆ ಮಾರಾಯ್ತಿ?" ಎಂದರು. ಆ ಜಗಳದಲ್ಲಿ ನಾನು ಅಮ್ಮನ ಪಕ್ಷ, ಈಗಲೂ ಅರ್ಧ ಅವಳ ಪಕ್ಷವೇ. ದೊಡ್ಡ ಮಾತುಗಳ ಭಾರ ಮನೆಯ ಹೆಂಗಸರ ಸೊಂಟದ ಮೇಲೆ ಬೀಳುವುದನ್ನು ಬೇಕಾದಷ್ಟು ನೋಡಿದ್ದೇನೆ.

ಮಾರನೆಯ ದಿನದಿಂದ ಅಪ್ಪಯ್ಯ ಎಲ್ಲರಿಗಿಂತ ಮೊದಲೆದ್ದು ಎರಡು ಬಕೆಟ್ಟು ನೀರು ಹೊತ್ತು, ಹೆಂಗಸರ ಕಡೆಯದನ್ನೂ ಗಂಡಸರ ಕಡೆಯದನ್ನೂ ತೊಳೆಯತೊಡಗಿದರು. ತೊಳೆದಾದ ಮೇಲೆ ಗೋಡೆಯ ಬಿರುಕಿನಲ್ಲಿ ಮಲ್ಲಿಗೆಯ ಊದುಬತ್ತಿ ಸಿಕ್ಕಿಸಿ ಹಚ್ಚುತ್ತಿದ್ದರು. ದೇವರ ಕೋಣೆಯ ಕಟ್ಟಿನಿಂದಲೇ ತೆಗೆಯುತ್ತಿದ್ದುದರಿಂದ ಅಮ್ಮನಿಗೆ ಅದೊಂದು ಬೇರೆ ಸಿಟ್ಟು. ಸಾಲಿನಲ್ಲಿದ್ದ ಹಮಾಲರು ಮಾತ್ರ ಅಪ್ಪಯ್ಯನನ್ನು ನೋಡಿ, "ಬರ್ರಿ ಅಣ್ಣಾ, ಪೂಜಾ ಆತೇನ್ರಿ?" ಎಂದು ಚೇಷ್ಟೆ ಮಾಡುತ್ತಿದ್ದರು. ಅಪ್ಪಯ್ಯ ನಗುತ್ತಿದ್ದರು. ಯಜಮಾನನಿಗೆ ಪ್ರತಿದಿನ ಹೋಟೆಲಿನಿಂದ ಹೋಗುತ್ತಿದ್ದ ಬೆಳಗಿನ ಚಹಾ ಒಂದು ದಿನವೂ ತಪ್ಪಲಿಲ್ಲ. ಮೊದಲು ಯಾರಾದರೂ ಒಯ್ಯುತ್ತಿದ್ದರು, ಈಗ ಅಪ್ಪಯ್ಯ ತಾವೇ ಒಯ್ಯತೊಡಗಿದರು.

ನಾನು ಅಪ್ಪಯ್ಯನ ಜೊತೆ ಮಾತು ಬಿಟ್ಟಿದ್ದೆ. ಒಂದು ವಾರವಾದ ಮೇಲೆ ಅಪ್ಪಯ್ಯ ನನ್ನ ಪಕ್ಕ ಕೂತು, "ಸಿಟ್ಟು ಬಂತಾ? ಬರಲಿ, ಒಳ್ಳೇದೇ. ಯಾರ ಮೇಲೆ ಬರಬೇಕು ಅಂತ ಮಾತ್ರ ಸರಿಯಾಗಿ ನೋಡ್ಕೊ" ಎಂದರು. ಆಗ ಅವರ ಮೇಲೆಯೇ ಬಂದಿತ್ತು, ಹಾಗಾಗಿ ಆ ಮಾತು ರುಚಿಸಲಿಲ್ಲ.

ಮಳೆಗಾಲ ಪೂರ್ತಿ ಹಾಗೇ ಕಳೆಯಿತು. ದಸರೆಯ ಹೊತ್ತಿಗೆ ಒಂದು ಬೆಳಿಗ್ಗೆ ನೋಡಿದರೆ ಅಂಗಳದ ಪಾಯಿಖಾನೆಯ ಬೀಗವೇ ಇರಲಿಲ್ಲ. ಕೊಂಡಿ ಮಾತ್ರ ತೂಗುತ್ತಿತ್ತು. ಯಜಮಾನನೇ ತೆಗೆಸಿದ್ದನಂತೆ. ಅವನ ಮನಸ್ಸು ಕರಗಿತೋ, ಅಪ್ಪಯ್ಯ ದಿನಾ ಮುಂದೆ ಹಿಡಿಯುತ್ತಿದ್ದ ಚಹಾದ ಲೋಟ ನೋಡಿ ನಾಚಿಕೆಯಾಯಿತೋ, ಅವನ ಹೆಂಡತಿ ಮನೆಯಲ್ಲಿ ಬೈದಳೋ ನನಗೆ ಗೊತ್ತಿಲ್ಲ. ಅಪ್ಪಯ್ಯ ಗೆದ್ದೆ ಎನ್ನಲಿಲ್ಲ. ದುರ್ಗಪ್ಪನನ್ನು ಕರೆದು, "ಹೋಗಿ ಬಾ, ನೀರು ಸರಿಯಾಗಿ ಹಾಕು" ಎಂದರು.

ಇಂಥ ಅಪ್ಪನ ಮಗಳು ನಾನು ಏನು ಮಾಡಿದೆ, ಕೇಳಿ.

ಎರಡು ತಿಂಗಳ ಹಿಂದೆ ಸೊಸೈಟಿಯ ಕಾರ್ಯದರ್ಶಿ ನಿಖಿಲ್ ಮನೆಗೆ ಬಂದ. ಬೆಂಗಳೂರಿನ ಹುಡುಗ, ಸಜ್ಜನ, ಸಿಕ್ಕಾಗಲೆಲ್ಲ ನನ್ನ ಚೀಲ ಎತ್ತಿಕೊಳ್ಳುವವನು. "ಆಂಟಿ, ಒಂದು ಹೆಲ್ಪ್ ಬೇಕಿತ್ತು. ಲಿಫ್ಟ್ ಹತ್ರ ನೋಟಿಸ್ ಹಾಕ್ತಿದೀವಿ. ಇಂಗ್ಲಿಷ್, ಮರಾಠಿ ರೆಡಿ ಇದೆ. ಬಟ್ ಇಲ್ಲಿ ಕೆಲಸಕ್ಕೆ ಬರೋರು ಮೆಜಾರಿಟಿ ಕರ್ನಾಟಕದವರೇ ಅಲ್ವಾ, ಕನ್ನಡದಲ್ಲೂ ಬೇಕು. ನೀವು ಟೀಚರ್, ನಿಮಗಿಂತ ಚೆನ್ನಾಗಿ ಯಾರು ಬರೀತಾರೆ?"

ಪುಣೆಯಲ್ಲಿ ಕನ್ನಡದ ಫಲಕ. ನಿಮಗೆ ಹೊರಗಿನ ಊರಿನಲ್ಲಿದ್ದು ಗೊತ್ತಿದ್ದರೆ ನನ್ನ ಅವಸ್ಥೆ ಅರ್ಥವಾದೀತು. ಇಲ್ಲಿ ನಮ್ಮ ಲಿಪಿ ಕಾಣುವುದು ಊರಿಂದ ಬಂದ ಉಪ್ಪಿನಕಾಯಿಯ ಪೊಟ್ಟಣದ ಮೇಲೆ. ನಾನು ಹಿಗ್ಗಿಹೋದೆ. ಒಳ್ಳೆಯ ಪೆನ್ನು ಹುಡುಕಿ, ಮೂರು ಸಲ ಕರಡು ಮಾಡಿ, ನನ್ನ ದುಂಡಗಿನ ಅಕ್ಷರದಲ್ಲಿ ಬರೆದೆ. "ಮಾನ್ಯರೇ, ಮನೆಗೆಲಸದವರು, ಚಾಲಕರು ಹಾಗೂ ಸಾಮಾನು ತಲುಪಿಸುವವರು ದಯವಿಟ್ಟು ಈ ಲಿಫ್ಟನ್ನು ಬಳಸಬಾರದೆಂದು ವಿನಂತಿ. ತಮಗಾಗಿ ಹಿಂಬದಿಯಲ್ಲಿ ಪ್ರತ್ಯೇಕ ವ್ಯವಸ್ಥೆ ಇರುತ್ತದೆ." ಪ್ರತ್ಯೇಕ ಎಂಬ ಮಾತನ್ನು ನನ್ನ ಕೈಯಾರೆ ಬರೆದೆ. ಒತ್ತಕ್ಷರ ಸರಿಯಾಗಿ ಬಂದಿದೆಯೇ ಎಂದಷ್ಟೇ ನೋಡಿದೆ. ಅದಕ್ಕೆ ಪ್ಲಾಸ್ಟಿಕ್ಕು ಹಾಕಿಸಿ ಪ್ರತಿ ಮಹಡಿಯಲ್ಲೂ ಅಂಟಿಸಿದರು. ನಾನು ಫೋಟೊ ತೆಗೆದು ನಮ್ಮ ಕನ್ನಡಿಗರ ಗುಂಪಿಗೆ ಕಳಿಸಿದೆ. ನಲವತ್ತು ಜನ ಕೈಮುಗಿದ ಚಿತ್ರ ಹಾಕಿದರು. ಓದಿ ನೋಡಿ ಒಬ್ಬರಾದರೂ, ಇದೇನು ಬರೆದಿರಿ ಎಂದು ಕೇಳಲಿಲ್ಲ.

ಮೂರು ವಾರದ ಹಿಂದೆ ಹಿಂಬದಿಯ ಲಿಫ್ಟು ಕೆಟ್ಟಿತು. ಬಿಡಿಭಾಗ ಬರಬೇಕು, ಬರುತ್ತದೆ, ಬರುತ್ತಿದೆ ಎನ್ನುತ್ತಿದ್ದಾರೆ. ಆಮೇಲೆ ನನ್ನ ಮನೆಗೆಲಸದ ಮಹಾದೇವಿ ತಡವಾಗಿ ಬರತೊಡಗಿದಳು. ಯಾದಗಿರಿ ಕಡೆಯವಳು, ಐವತ್ತು ದಾಟಿದವಳು. ನಾನು ಎರಡು ದಿನ ಸುಮ್ಮನಿದ್ದು ಮೂರನೇ ದಿನ ಗದರಿದೆ. ಅವಳು ಅಡುಗೆಮನೆಯ ನೆಲದ ಮೇಲೆ ಕಾಲು ಚಾಚಿ ಕೂತು ಮೊಣಕಾಲು ಒತ್ತಿಕೊಳ್ಳುತ್ತ, "ಮೆಟ್ಲ ಹತ್ತಿ ಬರಬೇಕಲ್ರಿ ಅಕ್ಕೋರ. ಹಿಂದಿನ ಲಿಫ್ಟ್ ಕೆಟ್ಟದ, ಮುಂದಿಂದ್ರಾಗ ಬಿಡವಲ್ರು" ಎಂದಳು.

"ಯಾರು ಬಿಡುವುದಿಲ್ಲ?"

"ವಾಚ್‌ಮನ್ ರೀ. ಮಾವಶಿ, ತುಮಚ್ಯಾ ಕಾನಡೀತ ಲಿಹಿಲಂಯ, ವಾಚಾ ಅಂತಾನ. ನಿಮ್ಮ ಕನ್ನಡದಾಗ ಬರದದ, ಓದ್ರಿ ಅಂತ. ನನಗೆಲ್ಲಿ ಓದಾಕ ಬರ್ತದ್ರಿ? ಒಂಬತ್ತನೇ ಮಾಳಿಗಿಯವರು ತಡಾ ಆಗ್ತದ ಅಂತ ಬ್ಯಾರೇದಾಕೀನ್ನ ಇಟಗೊಂಡ್ರು. ಹಿಂಗ ಆದ್ರ ಇನ್ನ ಹದಿನೈದ ದಿನದಾಗ ನಿಮ್ಮನೀನೂ ಬಿಡೂದ ರೀ. ಮೊದಲ ಈ ಕಟ್ಟಡ ಕಟ್ಟೂ ಮುಂದ ಉಸುಕ ಹೊತ್ತು ಇವ ಮೆಟ್ಲ ಹತ್ತೀನಿ. ಆವಾಗಿಂದನ ಮೊಣಕಾಲ ಹಿಂಗ." ಆಮೇಲೆ ಎದ್ದು ನಿಂತು, "ಬರ್ರಿ, ಅದರಾಗ ಏನ್ ಬರದಾರ ಓದಿ ಹೇಳ್ರಿ. ಎಷ್ಟ ದಿನದ್ದು ಅಂತ ತಿಳೀಲಿ" ಎಂದಳು.

ಹನ್ನೊಂದನೇ ಮಹಡಿಯ ಲಿಫ್ಟಿನ ಮುಂದೆ ನಿಂತು ನನ್ನ ಅಕ್ಷರವನ್ನು ನಾನೇ ಅವಳಿಗೆ ಓದಿ ಹೇಳಿದೆ. ಅವಳು ಸೆರಗು ಹೊದ್ದು, ತಲೆ ಒಂದಿಷ್ಟು ವಾರೆ ಮಾಡಿ, ಪೂರ್ತಿ ಕೇಳಿದಳು. "ಭಾಳ ಚೊಲೋ ಬರದಾರ್ರೀ. ದಯವಿಟ್ಟು ಅಂದಾರ. ಯಾರ್ ಬರದಾರ್ರೀ?" ಎಂದಳು.

"ಯಾರೋ" ಎಂದೆ.

ಅವಳು ಪಾತ್ರೆ ತೊಳೆಯಲು ಒಳಗೆ ಹೋದಳು. ನಾನು ಆ ಡಬ್ಬಿ ಉಗುಳುವ ಶಬ್ದ ಕೇಳುತ್ತ ಅಲ್ಲೇ ನಿಂತಿದ್ದೆ.

ನಿನ್ನೆ ಸಂಜೆ ಸೊಸೈಟಿಯ ಸಭೆಗೆ ಹೋದೆ. ಹಿಂದಿನ ಲಿಫ್ಟು ಸರಿಯಾಗುವವರೆಗಲ್ಲ, ಎಂದೆಂದಿಗೂ ಈ ನೋಟಿಸು ತೆಗೆಯಿರಿ ಎಂದೆ. ಅಧ್ಯಕ್ಷರು ನಯವಾಗಿ, "ಮ್ಯಾಡಂ, ಹಾ ಭೇದಭಾವ ನಾಹೀ, ಹೀ ಸಿಸ್ಟಮ್ ಆಹೇ" ಎಂದರು. ಭೇದಭಾವವಲ್ಲ, ವ್ಯವಸ್ಥೆಯಂತೆ. ಒಬ್ಬ ಮಹಿಳೆ, ಅವರಿಗೇ ನಮ್ಮ ಜೊತೆ ನಿಲ್ಲಲು ಸಂಕೋಚ ಎಂದರು. ಇನ್ನೊಬ್ಬರು ಬೆವರಿನ ವಾಸನೆ ಎಂದರು. ಆ ಡಬ್ಬಿ ಬಂದದ್ದು ಅದಕ್ಕಂತೆ. ಏಳನೇ ಮಹಡಿಯವರ ಬಿಳಿ ನಾಯಿ ಇದೇ ಲಿಫ್ಟಿನಲ್ಲಿ ದಿನಕ್ಕೆ ನಾಲ್ಕು ಸಲ ಓಡಾಡುತ್ತದಲ್ಲ ಎಂದೆ. ನಾಯಿಗೆ ವ್ಯಾಕ್ಸಿನ್ ಆಗಿದೆ ಎಂದರು. ನಗಬೇಕೋ ಕಿರುಚಬೇಕೋ ತಿಳಿಯಲಿಲ್ಲ. ವಾಡೆಯ ಯಜಮಾನ ಒರಟ, ಆದರೆ ಬೇಡ ಎನ್ನುವುದನ್ನು ತನ್ನ ಬಾಯಿಂದಲೇ ಎಂದವನು. ಇಲ್ಲಿ ಯಾರೂ ಯಾರನ್ನೂ ತಡೆಯುವುದಿಲ್ಲ, ಎಲ್ಲರೂ ಮಹಾದೇವಿಗೆ ಹಬ್ಬಕ್ಕೆ ಸೀರೆ ಕೊಡುವವರೇ. ತಡೆಯುವ ಕೆಲಸ ಗೋಡೆಯ ಮೇಲಿನ ಹಾಳೆಯದು. ಅದನ್ನು ಬರೆದವಳು ನಾನು ಎಂದು ನಿಖಿಲ್ ಮೆಲ್ಲಗೆ ನೆನಪಿಸಿದ. "ಆಂಟಿ, ಡ್ರಾಫ್ಟ್ ನಿಮ್ದೇ ಅಲ್ವಾ?" ಸಭೆಯಲ್ಲಿ ಎಲ್ಲರೂ ನಕ್ಕರು. ಆಗಲೇ ನಾನು ಕಾರ್ಡು ತೆಗೆದು ಮೇಜಿನ ಮೇಲಿಟ್ಟೆ. ಅವರಿಗೆ ಇಲ್ಲದ್ದು ನನಗೂ ಬೇಡ ಎಂದು ಮೂರು ಭಾಷೆಯಲ್ಲಿ ಹೇಳಿ ಬಂದೆ. ರಾತ್ರಿ ಹನ್ನೊಂದು ಮಹಡಿ ಹತ್ತುವಾಗ ಎದೆ ಉಬ್ಬಿತ್ತು, ಅರ್ಧ ಹೆಮ್ಮೆಯಿಂದ, ಅರ್ಧ ಏದುಸಿರಿನಿಂದ.

ಇಷ್ಟೆಲ್ಲ ನೆನೆಯುತ್ತ ನಾಲ್ಕನೇ ಮಹಡಿಯಲ್ಲಿ ಕೂತಿದ್ದಾಗ ಕೆಳಗಿನಿಂದ ಕಂಬಿಗೆ ಬಳೆ ತಾಗುವ ಸದ್ದು ಕೇಳಿತು. ಮಹಾದೇವಿ ಒಂದೊಂದು ಮೆಟ್ಟಿಲಿಗೂ ಎರಡೂ ಪಾದ ಕೂಡಿಸಿ ಹತ್ತಿ ಬರುತ್ತಿದ್ದಳು.

"ಯಾಕ ಕುಂತೀರಿ ಅಕ್ಕೋರ? ಲಿಫ್ಟ್ ಬಂದ್ ಆಗೇದೇನ್ರಿ?"

"ಇಲ್ಲ. ನಾನೇ ಬಿಟ್ಟೆ. ಮಹಾದೇವಿ, ಆ ಹಾಳೆ ಬರೆದವಳು ನಾನು. ಅವತ್ತು ಸುಳ್ಳು ಹೇಳಿದೆ."

ಚೀಲ ಸರಿಸಿ ಜಾಗ ಮಾಡಿದೆ. ಅವಳು ನನ್ನ ಮೆಟ್ಟಿಲಿನಲ್ಲೇ ಕೂತು ಮೊಣಕಾಲು ನೀವಿಕೊಂಡಳು. "ಗೊತ್ತಿತ್ರಿ" ಎಂದಳು. "ಹನ್ನೊಂದನೇ ಮಾಳಿಗಿ ಅಕ್ಕೋರು ಬರದಾರ ಅಂತ ವಾಚ್‌ಮನ್ ಮೊದಲ ಹೇಳಿದ್ದ."

"ಮತ್ತೆ ನನ್ನಿಂದ ಯಾಕೆ ಓದಿಸಿದೆ?"

"ಓದೂ ಮುಂದ ನಿಮಗ ಹ್ಯಾಂಗ ಅನಸ್ತದ ನೋಡೂಣು ಅಂತ. ನೀವ ಯಾರೋ ಅಂದ್ರಿ, ನಾನೂ ಸುಮ್ಮನಾದೆ."

ಕಾರ್ಡು ಕೊಟ್ಟು ಬಂದದ್ದನ್ನು, ಇನ್ನು ಮೇಲೆ ನಾನೂ ಮೆಟ್ಟಿಲೇ ಹತ್ತುವುದೆಂದು ನಿಶ್ಚಯಿಸಿದ್ದನ್ನು, ಸ್ವಲ್ಪ ಹೊಗಳಿಕೆಯ ಆಸೆಯಿಂದಲೇ ಹೇಳಿದೆ. ಅವಳು ಪೂರ್ತಿ ಕೇಳಿ, "ನೀವ ಮೆಟ್ಲ ಹತ್ತಿದ್ರ ನನ್ನ ಮೊಣಕಾಲ ಆರಾಮ ಆಗ್ತದೇನ್ರಿ?" ಎಂದಳು. ಕೊಂಕಿನಿಂದಲ್ಲ, ನಿಜಕ್ಕೂ ಕೇಳಿದಳು. ಅಮ್ಮ ಚೊಂಬು ಹಿಡಿದು ಕೇಳಿದ ಪ್ರಶ್ನೆಯೂ ಇದೇ ಅಲ್ಲವೇ. ಅಪ್ಪಯ್ಯ ಅದಕ್ಕೆ ಬಕೆಟ್ಟು ಎತ್ತಿಕೊಂಡಿದ್ದರು. ನಾನು ಬರೀ ಕಾರ್ಡು ಕೊಟ್ಟು ಬಂದಿದ್ದೆ.

ಎದ್ದು ಹೋಗಿ ನಾಲ್ಕನೇ ಮಹಡಿಯ ನೋಟಿಸಿನ ಮುಂದೆ ನಿಂತೆ. ಚೀಲದಲ್ಲಿ ಇನ್ನೂ ಕೆಂಪು ಪೆನ್ನು ಇಟ್ಟುಕೊಳ್ಳುವ ಅಭ್ಯಾಸ ನನಗೆ. ತಪ್ಪು ಉತ್ತರಕ್ಕೆ ಎಳೆಯುವಂತೆ ಅಡ್ಡಗೆರೆ ಎಳೆದರೆ ಪ್ಲಾಸ್ಟಿಕ್ಕಿನ ಮೇಲೆ ಶಾಯಿ ಹಿಡಿಯಲಿಲ್ಲ. ಉಗುರು ಹಾಕಿ ಟೇಪು ಕಿತ್ತೆ. ಒಂದು ಮೂಲೆಗೆ ಗೋಡೆಯ ಬಣ್ಣವೂ ಕಿತ್ತು ಬಂತು. ಹಾಳೆಯನ್ನು ಮೆಂತ್ಯದ ಸೊಪ್ಪಿನ ಕೆಳಗೆ ತುರುಕಿದೆ. ಆಮೇಲೆ ಗುಂಡಿ ಒತ್ತಿದೆ, ಲಿಫ್ಟು ಬಂದು ಬಾಗಿಲು ತೆರೆಯಿತು. ಏಳನೇ ಮಹಡಿಯವರು, ಅವರ ಬಿಳಿ ನಾಯಿ. ನಾನು ಹೊಸ್ತಿಲಲ್ಲಿ ಕಾಲಿಟ್ಟು ನಿಂತೆ.

"ಬಾ ಮಹಾದೇವಿ."

ಅವಳು ಕಂಬಿ ಹಿಡಿದು ಎದ್ದು ಬಂದಳು. ಏಳನೆಯವರು ನನ್ನ ಮುಖ ನೋಡಿ ನಾಯಿಯನ್ನು ಹತ್ತಿರಕ್ಕೆ ಎಳೆದುಕೊಂಡರು. ಐದನೇ ಮಹಡಿ ದಾಟುವಾಗ ಡಬ್ಬಿ ಪುಸ್ ಎಂದಿತು, ಮಹಾದೇವಿಯ ತಲೆಯ ಮೇಲೆ. ಅವಳು ಸೆರಗಿನಿಂದ ಒರೆಸಿಕೊಂಡು ಮೂಸಿ ನೋಡಿದಳು.

ಅವರ ಕಾರ್ಡಿಗೆ ಲಿಫ್ಟು ಏಳರವರೆಗಷ್ಟೇ. ಇಳಿದೆವು. ಅಲ್ಲಿಯೂ ಗೋಡೆಯ ಮೇಲೆ, ನಾಲ್ಕನೆಯದಕ್ಕಿಂತ ಎತ್ತರದಲ್ಲಿ, ನನ್ನ ದುಂಡಗಿನ ಅಕ್ಷರ ಕಾಯುತ್ತಿತ್ತು. ನಾನು ಕೆಳಗಿನ ಮೂಲೆಗೆ ಉಗುರು ಹಾಕಿ, "ನೀನು ಮುಟ್ಟಬೇಡ, ನಿನ್ನ ಕೆಲಸಕ್ಕೆ ತೊಂದರೆ ಆದೀತು" ಎಂದೆ.

ಮಹಾದೇವಿ ಒಂದು ಕೈಯನ್ನು ಮೊಣಕಾಲ ಮೇಲೂರಿ, ಇನ್ನೊಂದನ್ನು ಮೇಲಕ್ಕೆ ಚಾಚಿದಳು. "ಮ್ಯಾಲಿನ ಮೂಲಿ ನಿಮಗ ನಿಲುಕಂಗಿಲ್ರಿ" ಎಂದಳು.